ಒಬ್ಬರಿಗೆ 293 ದಿನ ಸಾಲಲಿಲ್ಲ, ಇನ್ನೊಬ್ಬರಿಗೆ 30 ದಿನ ಸಾಕಾಯಿತು

ಪ್ರಶ್ನೆ: 2016ರಲ್ಲಿ ಒಬಾಮ ಸೂಚಿಸಿದ ಮೆರಿಕ್ ಗಾರ್ಲೆಂಡ್ ಅವರನ್ನು ಸುಪ್ರೀಂ ಕೋರ್ಟ್‌ಗೆ ನೇಮಿಸಲು ಅಮೆರಿಕದ ಸೆನೆಟ್ ಬಿಡಲಿಲ್ಲ. ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಅಂದರು. 2020ರಲ್ಲಿ ಚುನಾವಣೆಗೆ ಎಂಟೇ ದಿನ ಇರುವಾಗ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರನ್ನು ಒಪ್ಪಿಕೊಂಡರು. ಕಾನೂನು ಎರಡೂ ಸಲ ಒಂದೇ ಅಲ್ವಾ? ಹೇಗೆ ಸಾಧ್ಯವಾಯಿತು?

ಉತ್ತರ: ಕಾನೂನು ಒಂದೇ. ಆದರೆ ಈ ಪ್ರಶ್ನೆಗೆ ಆ ಕಾನೂನಿನಲ್ಲಿ ಉತ್ತರವೇ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಪಡೆದು ನೇಮಿಸಬೇಕು. ಸಂವಿಧಾನ ಹೇಳುವುದು ಇಷ್ಟೇ. ಎಷ್ಟು ದಿನದೊಳಗೆ ಒಪ್ಪಬೇಕು, ವೋಟ್‌ಗೆ ಹಾಕಲೇಬೇಕಾ, ಇದರ ಬಗ್ಗೆ ಒಂದು ಸಾಲೂ ಇಲ್ಲ. ಯಾವ ವಿಷಯ ಯಾವಾಗ ಸದನಕ್ಕೆ ಬರಬೇಕು ಎನ್ನುವುದು ಬಹುಮತ ಪಕ್ಷದ ನಾಯಕನ ಕೈಯಲ್ಲಿದೆ. 2016ರಲ್ಲೂ 2020ರಲ್ಲೂ ಆ ನಾಯಕ ಒಬ್ಬರೇ: ಕೆಂಟಕಿಯ ರಿಪಬ್ಲಿಕನ್ ಮಿಚ್ ಮೆಕಾನಲ್. ಒಬಾಮ ಎದುರು ಪಕ್ಷದವರು, ಅಂದರೆ ಡೆಮಾಕ್ರಟ್; ಟ್ರಂಪ್ ಅವರದೇ ಪಕ್ಷದವರು.

ನಮಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗಳ ಹೆಸರನ್ನು ಕೊಲಿಜಿಯಂ ಕಳಿಸುತ್ತದೆ, ಸಂಸತ್ತು ವೋಟ್ ಹಾಕುವುದಿಲ್ಲ. 65ಕ್ಕೆ ನಿವೃತ್ತಿ. ಅಲ್ಲಿ ನಿವೃತ್ತಿಯ ವಯಸ್ಸೇ ಇಲ್ಲ. ಇರುವುದು ಒಂಬತ್ತೇ ಸ್ಥಾನ. ಬ್ಯಾರೆಟ್ ಬಂದಾಗ ಅವರಿಗೆ 48 ವರ್ಷ. ಒಂದು ಸ್ಥಾನ ಗೆದ್ದರೆ ಮೂವತ್ತು ವರ್ಷದ ಮಾತು. ಹಾಗಾಗಿಯೇ ಇಷ್ಟು ಜಗಳ.

ಈಗ 2016ಕ್ಕೆ ಬರೋಣ. ಫೆಬ್ರವರಿ 13ರಂದು ಜಸ್ಟಿಸ್ ಆಂಟೊನಿನ್ ಸ್ಕಾಲಿಯಾ ಟೆಕ್ಸಸ್‌ನಲ್ಲಿ ತೀರಿಕೊಂಡರು. ಅವರು ಕನ್ಸರ್ವೇಟಿವ್ (ಸಂಪ್ರದಾಯವಾದಿ) ಬಣದ ದೊಡ್ಡ ದನಿ. ಆ ಜಾಗಕ್ಕೆ ಒಬಾಮ ಯಾರನ್ನು ತಂದರೂ ಕೋರ್ಟಿನ ಒಲವು ಬದಲಾಗುತ್ತಿತ್ತು. ಮೆಕಾನಲ್ ಅದೇ ದಿನ ಹೇಳಿಕೆ ಕೊಟ್ಟರು: ಹೊಸ ಅಧ್ಯಕ್ಷರು ಬರುವವರೆಗೆ ಈ ಜಾಗ ಖಾಲಿ ಇರಲಿ. ಒಬಾಮ ಆಗ ಯಾರ ಹೆಸರನ್ನೂ ಹೇಳಿರಲಿಲ್ಲ. ಯಾರೇ ಆದರೂ ಬೇಡ ಎನ್ನುವುದು ಮೊದಲೇ ತೀರ್ಮಾನವಾಗಿತ್ತು.

ಒಬಾಮ ಮಾರ್ಚ್ 16ರಂದು ಗಾರ್ಲೆಂಡ್ ಹೆಸರು ಹೇಳಿದರು. ಮಧ್ಯಮ ದಾರಿಯವರು, 63 ವರ್ಷ. 1997ರಲ್ಲಿ ಅವರು ಮೇಲ್ಮನವಿ ಕೋರ್ಟಿಗೆ ಹೋಗುವಾಗ 76-23 ವೋಟ್ ಸಿಕ್ಕಿತ್ತು, ಅದರಲ್ಲಿ ರಿಪಬ್ಲಿಕನ್ನರದ್ದೂ ಸಾಕಷ್ಟಿತ್ತು. ಇಂಥವರನ್ನು ಬೇಡ ಅನ್ನಲು ಕಷ್ಟವಾಗುತ್ತೆ ಎನ್ನುವುದು ಒಬಾಮ ಲೆಕ್ಕ.

ರಿಪಬ್ಲಿಕನ್ನರ ಬಳಿ 54 ವೋಟ್ ಇತ್ತು. ಹಿಯರಿಂಗ್ ಮಾಡಿ, ವೋಟ್ ಹಾಕಿ ಸೋಲಿಸಬಹುದಿತ್ತಲ್ಲ, ಯಾಕೆ ಮಾಡಲಿಲ್ಲ? ಇಲ್ಲೇ ಇರುವುದು ನಿಜವಾದ ತಂತ್ರ. ಹಿಯರಿಂಗ್ ಅಂದರೆ ಸೆನೆಟ್ ಸಮಿತಿ ಸೂಚಿತರನ್ನು ಕೂರಿಸಿ ಪ್ರಶ್ನಿಸುವುದು, ದಿನಗಟ್ಟಲೆ ಟಿವಿ ನೇರಪ್ರಸಾರ. ಜನ ಗಾರ್ಲೆಂಡ್ ಅವರನ್ನು ನೋಡುತ್ತಾರೆ, ಅವರ ಮಾತು ಕೇಳುತ್ತಾರೆ. ಆಮೇಲೆ ಡೆಮಾಕ್ರಟಿಕ್ ಒಲವಿನ ರಾಜ್ಯದಲ್ಲಿ ಮರುಚುನಾವಣೆಗೆ ನಿಂತ ಸೆನೆಟರ್ ಒಬ್ಬರು ಹೌದು ಅಥವಾ ಇಲ್ಲ ಅಂತ ದಾಖಲೆಯಲ್ಲಿ ವೋಟ್ ಹಾಕಬೇಕಾಗುತ್ತದೆ. ಹೌದು ಅಂದರೆ ಸ್ವಂತ ಪಕ್ಷ ಸಿಟ್ಟಾಗುತ್ತದೆ, ಇಲ್ಲ ಅಂದರೆ ಊರಿನ ಮತದಾರ. ಹಿಯರಿಂಗೇ ಇಲ್ಲದಿದ್ದರೆ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಪಕ್ಷದೊಳಗಿನ ಒತ್ತಡ ಎಷ್ಟಿತ್ತು ಅಂತ ನೋಡಬೇಕಾದರೆ ಕ್ಯಾನ್ಸಸ್‌ನ ಸೆನೆಟರ್ ಜೆರ್ರಿ ಮೊರಾನ್ ಅವರನ್ನು ನೋಡಿ. ಅವರು ರಿಪಬ್ಲಿಕನ್. ಮಾರ್ಚ್ ಕೊನೆಯಲ್ಲಿ ತಮ್ಮ ರಾಜ್ಯದ ಸಣ್ಣ ಊರಿನ ಸಭೆಯಲ್ಲಿ, ಹಿಯರಿಂಗ್ ಆದರೂ ನಡೆಯಲಿ, ಅದು ನನ್ನ ಕೆಲಸ ಎನ್ನುವ ಅರ್ಥದ ಮಾತಾಡಿದರು. ಗಾರ್ಲೆಂಡ್‌ಗೆ ವೋಟ್ ಹಾಕುತ್ತೇನೆ ಅಂತ ಹೇಳಿರಲಿಲ್ಲ. ಅಷ್ಟಕ್ಕೇ ಕನ್ಸರ್ವೇಟಿವ್ ಸಂಘಟನೆಗಳು ಮುಗಿಬಿದ್ದವು. ಪಕ್ಷದ ಒಳಗಿಂದಲೇ ಎದುರಾಳಿಯನ್ನು ನಿಲ್ಲಿಸುವ ಮಾತು ಬಂತು. ಎರಡು ವಾರದೊಳಗೆ ಮೊರಾನ್ ಮಾತು ಬದಲಿಸಿದರು, ಹಿಯರಿಂಗ್ ಬೇಡ ಅಂದರು. ಉಳಿದವರಿಗೆ ಇಷ್ಟು ಸಾಕಾಯಿತು.

ಆ ಮೇ ತಿಂಗಳಲ್ಲಿ ಟ್ರಂಪ್ ತಾವು ಗೆದ್ದರೆ ಪರಿಗಣಿಸುವ 11 ಜಡ್ಜ್‌ಗಳ ಪಟ್ಟಿ ಬಿಟ್ಟರು. ಟ್ರಂಪ್ ಬಗ್ಗೆ ಅನುಮಾನ ಇದ್ದ ಕನ್ಸರ್ವೇಟಿವ್ ಮತದಾರರಿಗೂ ಆ ಖಾಲಿ ಕುರ್ಚಿ ಕಾರಣವಾಯಿತು. ನವೆಂಬರ್‌ನ ಎಕ್ಸಿಟ್ ಪೋಲ್‌ನಲ್ಲಿ ಸುಮಾರು ಐವರಲ್ಲಿ ಒಬ್ಬರು ಸುಪ್ರೀಂ ಕೋರ್ಟ್ ನೇಮಕವೇ ತಮಗೆ ಮುಖ್ಯ ಅಂದಿದ್ದರು. ಅವರಲ್ಲಿ ಜಾಸ್ತಿ ಜನ ಟ್ರಂಪ್ ಕಡೆಯವರು. 2017ರ ಜನವರಿ 3ಕ್ಕೆ ಹಳೆಯ ಕಾಂಗ್ರೆಸ್ ಅವಧಿ ಮುಗಿಯಿತು. ಗಾರ್ಲೆಂಡ್ ಹೆಸರು 293 ದಿನ ಕಾದು ಸುಮ್ನೆ ರದ್ದಾಯಿತು.

ಡೆಮಾಕ್ರಟರ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲೆಲ್ಲ ಅಲ್ಪಮತದ ಪಕ್ಷದ ಕೈಯಲ್ಲಿ ಫಿಲಿಬಸ್ಟರ್ ಎಂಬ ಅಸ್ತ್ರವಿತ್ತು: ಚರ್ಚೆ ಮುಗಿಯಲು ಬಿಡದೆ ವೋಟ್ ತಡೆಯುವುದು. ಅದನ್ನು ದಾಟಲು 60 ವೋಟ್ ಬೇಕಿತ್ತು. 2013ರ ನವೆಂಬರ್‌ನಲ್ಲಿ ಆಗಿನ ಬಹುಮತ ನಾಯಕ ಹ್ಯಾರಿ ರೀಡ್ ಕೆಳಗಿನ ಕೋರ್ಟುಗಳ ನೇಮಕಕ್ಕೆ ಆ ನಿಯಮ ಕಿತ್ತುಹಾಕಿದರು. ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟರು. ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ ಅಂತ ಮೆಕಾನಲ್ ಅಂದೇ ಎಚ್ಚರಿಸಿದ್ದರು. 2017ರಲ್ಲಿ ಟ್ರಂಪ್ ಸೂಚಿಸಿದ ನೀಲ್ ಗೋರ್ಸಚ್ ವಿರುದ್ಧ ಡೆಮಾಕ್ರಟರು ಫಿಲಿಬಸ್ಟರ್ ಹಾಕಿದಾಗ ಮೆಕಾನಲ್ ಆ ಉಳಿದ ಒಂದನ್ನೂ ತೆಗೆದರು. ಗೋರ್ಸಚ್ 54-45ರಲ್ಲಿ ಗೆದ್ದರು.

ನನ್ನ ಅಭಿಪ್ರಾಯದಲ್ಲಿ ಅದು ಡೆಮಾಕ್ರಟರ ತಪ್ಪು ಲೆಕ್ಕ. ಸ್ಕಾಲಿಯಾ ಜಾಗಕ್ಕೆ ಗೋರ್ಸಚ್ ಬಂದರೆ ಕೋರ್ಟಿನ ಒಲವು ಹಿಂದಿನಂತೆಯೇ ಇರುತ್ತಿತ್ತು. ಮುಂದಿನ ವರ್ಷ ಎರಡೂ ಬಣಗಳ ನಡುವೆ ನಿಲ್ಲುತ್ತಿದ್ದ ಜಸ್ಟಿಸ್ ಆಂಥನಿ ಕೆನಡಿ ನಿವೃತ್ತರಾಗಿ ಬ್ರೆಟ್ ಕಾವನಾ ಹೆಸರು ಬಂದಾಗ ಒಲವು ನಿಜಕ್ಕೂ ಬದಲಾಗುವುದಿತ್ತು. ಆಗ ಇವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಾವನಾ ಗೆದ್ದದ್ದು 50-48ರಲ್ಲಿ.

2020ರದ್ದು ಬೇಗ ಹೇಳಿ ಮುಗಿಸಬಹುದು, ಅಲ್ಲಿ ಆದದ್ದೂ ಅಷ್ಟೇ ಬೇಗ. ಸೆಪ್ಟೆಂಬರ್ 18ರಂದು ಜಸ್ಟಿಸ್ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಟ್ರಂಪ್ ಸೂಚಿಸುವವರಿಗೆ ವೋಟ್ ನಡೆದೇ ನಡೆಯುತ್ತೆ ಅಂತ ಮೆಕಾನಲ್ ಅದೇ ರಾತ್ರಿ ಹೇಳಿದರು. 2016ರಲ್ಲಿ ಸೆನೆಟ್ ಒಂದು ಪಕ್ಷದ್ದು, ಅಧ್ಯಕ್ಷರು ಇನ್ನೊಂದು ಪಕ್ಷದವರು. ಈಗ ಎರಡೂ ನಮ್ಮದೇ ಎನ್ನುವುದು ಅವರ ವಾದ. 26ಕ್ಕೆ ಬ್ಯಾರೆಟ್ ಹೆಸರು ಬಂತು. ಅಕ್ಟೋಬರ್ 22ರ ಸಮಿತಿ ವೋಟ್‌ಗೆ ಡೆಮಾಕ್ರಟರು ಬರಲೇ ಇಲ್ಲ. ಒಬಾಮ ಕಾಲದ ಆರೋಗ್ಯ ವಿಮೆ ಕಾನೂನಿನಿಂದ ನೆರವು ಪಡೆದವರ ಫೋಟೋಗಳನ್ನು ತಮ್ಮ ಕುರ್ಚಿಗಳ ಮೇಲೆ ಇಟ್ಟು ಹೋದರು. ಖಾಲಿ ಕುರ್ಚಿಗಳ ಎದುರೇ 12-0 ಅಂತ ವೋಟ್ ಆಯಿತು. 26ರಂದು ಸೆನೆಟ್ 52-48ರಲ್ಲಿ ಒಪ್ಪಿತು. ಬೇಡ ಎಂದ ರಿಪಬ್ಲಿಕನ್ ಸೂಸನ್ ಕಾಲಿನ್ಸ್ ಒಬ್ಬರೇ.

ಮೆಕಾನಲ್ ಸಂವಿಧಾನ ಮುರಿದರಾ? ಇಲ್ಲ. ಸರಿ ಮಾಡಿದರಾ ಅಂದರೆ, ನಾನು ಇಲ್ಲ ಎನ್ನುತ್ತೇನೆ. ಸೆನೆಟ್‌ಗೆ ಒಬ್ಬರನ್ನು ಬೇಡ ಎನ್ನುವ ಹಕ್ಕಿದೆ. 1987ರಲ್ಲಿ ರಾಬರ್ಟ್ ಬೋರ್ಕ್ ಅವರನ್ನು ಕೂರಿಸಿ, ಪ್ರಶ್ನಿಸಿ, 42-58ರಲ್ಲಿ ಸೋಲಿಸಿದರು. ಅದು ಕಹಿ ಜಗಳ, ಆದರೂ ಪ್ರತಿಯೊಬ್ಬರೂ ತಮ್ಮ ವೋಟ್‌ಗೆ ಹೊಣೆ ಹೊತ್ತರು. ಗಾರ್ಲೆಂಡ್ ವಿಷಯದಲ್ಲಿ ಆ ಹೊಣೆಯಿಂದಲೇ ತಪ್ಪಿಸಿಕೊಂಡರು.

ಅಧ್ಯಕ್ಷರ ಎದುರು ಪಕ್ಷದ ಕೈಯಲ್ಲಿರುವ ಸೆನೆಟ್ ಸುಪ್ರೀಂ ಕೋರ್ಟ್ ನೇಮಕವೊಂದನ್ನು ಕೊನೆಯ ಸಲ ಒಪ್ಪಿದ್ದು 1991ರಲ್ಲಿ, ಕ್ಲಾರೆನ್ಸ್ ಥಾಮಸ್ ಅವರನ್ನು. ಆಗ 11 ಡೆಮಾಕ್ರಟರು ಅವರಿಗೆ ವೋಟ್ ಹಾಕಿದ್ದರು. ಇನ್ನು ಅಂಥದ್ದು ಸುಲಭವಿಲ್ಲ ಅಂತ ಜಡ್ಜ್‌ಗಳಿಗೂ ಗೊತ್ತಾಗಿರುವ ಹಾಗಿದೆ. ಸೆನೆಟ್ ನಮ್ಮ ಕೈಗೆ ಬಂದರೆ 2024ರಲ್ಲಿ ಬೈಡನ್ ಸೂಚಿಸಿದವರನ್ನು ಒಪ್ಪುವುದು ಅನುಮಾನ ಅಂತ ಮೆಕಾನಲ್ 2021ರಲ್ಲೇ ಹೇಳಿದ್ದರು. ಸೆನೆಟ್ ಆಗ 50-50, ಉಪಾಧ್ಯಕ್ಷರ ವೋಟ್‌ನಿಂದ ಡೆಮಾಕ್ರಟರ ಕೈಯಲ್ಲಿತ್ತು. ಮುಂದಿನ ಜನವರಿಯಲ್ಲಿ 83 ವರ್ಷದ ಜಸ್ಟಿಸ್ ಸ್ಟೀಫನ್ ಬ್ರೇಯರ್ ನಿವೃತ್ತಿ ಪತ್ರ ಕೊಟ್ಟರು. ಬೇಸಿಗೆ ರಜೆಗೆ ಹೋಗುವಾಗ ಬಿಡುತ್ತೇನೆ, ಅಷ್ಟರೊಳಗೆ ನನ್ನ ಜಾಗಕ್ಕೆ ಬರುವವರಿಗೆ ಸೆನೆಟ್‌ನ ಒಪ್ಪಿಗೆ ಸಿಕ್ಕಿರುತ್ತದೆ ಎಂಬ ನಂಬಿಕೆಯ ಮೇಲೆ ಅಂತ ಅದರಲ್ಲೇ ಬರೆದಿದ್ದರು. ಕೆಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ ಏಪ್ರಿಲ್ 7ರಂದು 53-47ರಲ್ಲಿ ಒಪ್ಪಿಗೆ ಸಿಕ್ಕಿತು. ಬ್ರೇಯರ್ ಜೂನ್ 30ರವರೆಗೆ ಕುರ್ಚಿ ಬಿಡಲಿಲ್ಲ.