ಸಿನರ್ಜಿ: ರೊಟ್ಟಿಗೆ ಗಸಿ ಬೇಕು, ಗಸಿಗೆ ರೊಟ್ಟಿ ಬೇಕಾ?

ಕೋರಿ ರೊಟ್ಟಿಯ ರೊಟ್ಟಿಯನ್ನು ಗಸಿ (ಕೋಳಿ ಸಾರು) ಇಲ್ಲದೆ ತಿಂದು ನೋಡಿದ್ದೀರಾ? ಗರಿಗರಿ ಉಂಟು, ಅಷ್ಟೇ. ಎರಡನೇ ತುಂಡಿಗೆ ಗಂಟಲು ಒಣಗುತ್ತದೆ. ಅದೇ ರೊಟ್ಟಿಯ ಮೇಲೆ ಬಿಸಿ ಗಸಿ ಸುರಿದರೆ ಮಾತ್ರ ಊಟ. ಎರಡು ಸೇರಿದಾಗ ಬರುವ ರುಚಿ ಬಿಡಿಬಿಡಿಯಾಗಿ ತಿಂದರೆ ಸಿಗುವುದಿಲ್ಲ. ಕಾರ್ಡ್ ಆಟದವರು ಇಂಥ ಜೋಡಿಗೆ ಸಿನರ್ಜಿ ಇದೆ ಅನ್ನುತ್ತಾರೆ.

ಪದ ಗ್ರೀಕ್ ಮೂಲದ್ದು. ಒಟ್ಟಿಗೆ ಕೆಲಸ ಮಾಡುವುದು ಎಂದು ಅರ್ಥ. ಕನ್ನಡದಲ್ಲಿ ‘ಕೂಡುಬಲ’ ಅನ್ನಬಹುದೇನೋ. ಆದರೆ ಬಿಜೈಯ ನಮ್ಮ ಮನೆ ಜಗಲಿಯಲ್ಲಿ ಆಡುವಾಗ ಯಾರೂ ಹಾಗೆ ಹೇಳುವುದಿಲ್ಲ. ‘ಇದು ಅದಕ್ಕೆ ಸೆಟ್ ಆಗ್ತದೆ’ ಅಂದರೆ ಮುಗಿಯಿತು.

ನಾವು ಆಡುವುದು ಡೆಕ್, ಅಂದರೆ ಕಾರ್ಡಿನ ಕಟ್ಟು, ಕಟ್ಟುವ ಆಟ. ಅದು ರಮ್ಮಿಯ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ಅವರದೇ ಒಂದು ಕಟ್ಟು. ಈ ಬಗೆಯ ಆಟಕ್ಕೆ ಹೆಸರು ತಂದದ್ದು 2008ರಲ್ಲಿ ಬಂದ ಡೊಮಿನಿಯನ್. ಶುರುವಿಗೆ 10 ಕಾರ್ಡ್: 7 ಕಾಪರ್ (ಚಿಲ್ಲರೆ ದುಡ್ಡು), 3 ಎಸ್ಟೇಟ್ (ಕೊನೆಗೆ ಅಂಕ ಕೊಡುವ ಜಮೀನು). ಪ್ರತಿ ಸಲ ಕೈಗೆ 5 ಕಾರ್ಡ್ ಬರುತ್ತವೆ. ಕೈಯಲ್ಲಿರುವ ದುಡ್ಡಿಗೆ ಹೊಸ ಕಾರ್ಡ್ ಕೊಂಡರೆ ಅದು ನಿಮ್ಮ ಕಟ್ಟಿಗೆ ಸೇರುತ್ತದೆ, ಮುಂದೆ ಯಾವಾಗಲೋ ಕೈಗೆ ಬರುತ್ತದೆ. ಈ ‘ಯಾವಾಗಲೋ’ದಲ್ಲೇ ಇರುವುದು ತಕರಾರು.

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗ ಮೊದಲ ಸಲ ಡೊಮಿನಿಯನ್ ಆಡಿದ. ಅದರಲ್ಲಿ ಸ್ಮಿತಿ ಎಂಬ ಕಾರ್ಡ್ ಉಂಟು, ಬೆಲೆ 4. ಆಡಿದರೆ 3 ಕಾರ್ಡ್ ಎಳೆಯಬಹುದು. ತೊಂದರೆ ಏನೆಂದರೆ ಒಂದು ಸರದಿಗೆ ಇರುವುದು ಒಂದೇ ಆ್ಯಕ್ಷನ್, ಅಂದರೆ ಇಂಥ ಕಾರ್ಡ್ ಒಂದನ್ನೇ ಆಡಬಹುದು. ಎಳೆದ ಮೂರರಲ್ಲಿ ಇನ್ನೊಂದು ಸ್ಮಿತಿ ಬಂದರೆ ಸುಮ್ನೆ ಕೈಯಲ್ಲಿ ಹಿಡಿದು ಕೂರಬೇಕು. ವಿಲೇಜ್ ಎಂಬ ಕಾರ್ಡ್, ಬೆಲೆ 3, ಒಂದು ಕಾರ್ಡ್ ಎಳೆಸಿ ಮತ್ತೆ 2 ಆ್ಯಕ್ಷನ್ ಕೊಡುತ್ತದೆ. ವಿಲೇಜ್ ಆಡಿ, ಸ್ಮಿತಿ ಆಡಿ, ಇನ್ನೊಂದು ಸ್ಮಿತಿ ಆಡಿ. ಒಂದೇ ಸರದಿಯಲ್ಲಿ 7 ಕಾರ್ಡ್! ಹುಡುಗನಿಗೆ ಇದು ಗೊತ್ತಾದದ್ದೇ ತಡ, ಐದು ವಿಲೇಜ್ ಕೊಂಡ. ಸ್ಮಿತಿ ಕೊಂಡದ್ದು ಒಂದೇ.

‘ಎಂತ ಮಾಮ, ಬರೀ ವಿಲೇಜೇ ಬರ್ತದೆ’ ಅಂದ. ಬರದೆ ಇನ್ನೇನು? ವಿಲೇಜ್ ಒಂದೇ ಬಂದರೆ ಅದು ತನ್ನ ಜಾಗಕ್ಕೆ ಒಂದು ಕಾರ್ಡ್ ತಂದುಕೊಟ್ಟು ಹೋಗುತ್ತದೆ. ಮಿಕ್ಕಿದ ಆ್ಯಕ್ಷನ್‌ನಲ್ಲಿ ಆಡಲಿಕ್ಕೆ ಏನೂ ಇಲ್ಲ. ನಾನು ಒಂದೆರಡು ಸ್ಮಿತಿ ಇಟ್ಟುಕೊಂಡು ಬಾಕಿ ದುಡ್ಡಿಗೆಲ್ಲ ಸಿಲ್ವರ್, ಗೋಲ್ಡ್ ಎಂಬ ದೊಡ್ಡ ದುಡ್ಡಿನ ಕಾರ್ಡ್ ಕೊಳ್ಳುತ್ತಾ ಹೋದೆ. ಚಂದದ ಆಟವಲ್ಲ, ಒಪ್ಪುತ್ತೇನೆ. ಗೆದ್ದದ್ದು ಮಾತ್ರ ನಾನೇ.

ಸಿನರ್ಜಿ ಅಳೆಯುವಾಗ ಎಲ್ಲರೂ ಎರಡೂ ಕಾರ್ಡ್ ಒಟ್ಟಿಗೆ ಬಂದ ದಿನವನ್ನೇ ನೆನೆಯುತ್ತಾರೆ. ನಾನು ನೋಡುವುದು ಜೊತೆಗಾರ ಬಾರದ ದಿನ ಈ ಕಾರ್ಡ್ ಏನು ಮಾಡುತ್ತದೆ ಅಂತ. ಮೊದಲ ಸ್ಮಿತಿಗೆ ವಿಲೇಜಿನ ಹಂಗಿಲ್ಲ. ವಿಲೇಜಿಗೆ ಸ್ಮಿತಿ ಬೇಕೇ ಬೇಕು. ಕೋರಿ ಗಸಿಯೂ ಹಾಗೇ ಅಲ್ವಾ? ರೊಟ್ಟಿ ಇಲ್ಲದಿದ್ದರೆ ನೀರುದೋಸೆಗಾಯಿತು, ಅನ್ನಕ್ಕಾಯಿತು. ಕಾಯುತ್ತಾ ಕೂರುವುದು ರೊಟ್ಟಿ ಮಾತ್ರ. ಹಾಗಾಗಿ ಮೊದಲು ಗಸಿ ಕೊಳ್ಳಿ, ರೊಟ್ಟಿ ಆಮೇಲೆ.

ಒಟ್ಟಿಗೆ ಬರುವ ದಿನ ಎಷ್ಟು ಅಪರೂಪ ಅಂತ ಲೆಕ್ಕ ಹಾಕಿದರೆ ಬೇಜಾರೇ ಆಗುತ್ತದೆ. 10 ಕಾರ್ಡಿನ ಕಟ್ಟಿನಿಂದ 5 ಎಳೆದರೆ, ನಿಮಗೆ ಬೇಕಾದ ಎರಡು ಕಾರ್ಡ್ ಒಂದೇ ಕೈಯಲ್ಲಿ ಸಿಗುವುದು ಸುಮಾರಾಗಿ 9 ಸಲದಲ್ಲಿ 2 ಸಲ. ಕಟ್ಟು 20ಕ್ಕೆ ಬೆಳೆದರೆ 19 ಸಲಕ್ಕೆ ಒಮ್ಮೆ. ಕಟ್ಟು ದುಪ್ಪಟ್ಟಾದದ್ದು ಅಷ್ಟೇ, ಅವಕಾಶ ಕಾಲು ಭಾಗಕ್ಕಿಂತಲೂ ಕೆಳಗೆ ಇಳಿಯಿತು. ಡೊಮಿನಿಯನ್‌ನಲ್ಲಿ ಬರೀ 2 ಬೆಲೆಯ ಚ್ಯಾಪೆಲ್ ಎಂಬ ಕಾರ್ಡಿಗೆ ಅಷ್ಟು ಮರ್ಯಾದೆ ಇರುವುದು ಇದಕ್ಕೇ. ಕೈಯಲ್ಲಿರುವ 4 ಕಾರ್ಡಿನ ತನಕ ಒಂದೇ ಏಟಿಗೆ ಆಟದಿಂದಲೇ ಆಚೆ ಹಾಕಿ ಕಟ್ಟನ್ನು ಸಣ್ಣ ಮಾಡಬಹುದು. ಅದು ಯಾವ ಕಾರ್ಡಿನ ಜೋಡಿಯೂ ಅಲ್ಲ, ಆದರೆ ಎಲ್ಲ ಜೋಡಿಗಳನ್ನೂ ಹತ್ತಿರ ತರುತ್ತದೆ.

ಹುಡುಗ ಈಗ ಫೋನಿನಲ್ಲಿ ಸ್ಲೇ ದ ಸ್ಪೈರ್‌ಗೆ ಅಂಟಿದ್ದಾನೆ. ಅದೂ ಡೆಕ್ ಕಟ್ಟುವ ಆಟವೇ, 2019ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದದ್ದು. ಒಬ್ಬರೇ ಆಡುವುದು. ಅದರಲ್ಲಿ ಸೈಲೆಂಟ್ ಎಂಬ ಪಾತ್ರದ ಹತ್ತಿರ ವಿಷದ ಕಾರ್ಡುಗಳಿವೆ. ಡೆಡ್ಲಿ ಪಾಯಿಸನ್ ಆಡಿದರೆ ಶತ್ರುವಿಗೆ 5 ವಿಷ. ಸರದಿಗೊಮ್ಮೆ ವಿಷದಷ್ಟು ಪೆಟ್ಟು, ಆಮೇಲೆ ವಿಷ ಒಂದು ಕಮ್ಮಿ. 5, 4, 3, 2, 1, ಒಟ್ಟು 15. ಕೆಟಲಿಸ್ಟ್ ಆಡಿದರೆ ಇರುವ ವಿಷ ಎರಡು ಪಟ್ಟು. 5 ಇದ್ದದ್ದು 10 ಆದರೆ ಒಟ್ಟು ಪೆಟ್ಟು 30 ಅಲ್ಲ, 55! ನಿಜವಾದ ಸಿನರ್ಜಿ ಅಂದರೆ ಇದು. ಆದರೂ ಆ 55 ಪೂರ್ತಿ ಬೀಳಲಿಕ್ಕೆ 10 ಸರದಿ ಬೇಕು. ಅಷ್ಟರ ತನಕ ಶತ್ರುವೇನು ನಿಮ್ಮನ್ನು ಬಿಟ್ಟು ಕೂರುತ್ತಾನಾ? ವಿಷವೇ ಇಲ್ಲದಿದ್ದರೆ ಕೆಟಲಿಸ್ಟ್ ಬರೀ ಕಾಗದ.

ಮೊನ್ನೆ ಮೊದಲನೇ ಜಗಳ ಗೆದ್ದ ಕೂಡಲೇ ಆಟ ಹುಡುಗನಿಗೆ, ಬೇಕಾದರೆ ತಗೋ ಅಂತ, ಕೆಟಲಿಸ್ಟ್ ತೋರಿಸಿತು. ‘ಮಾಮ, ತಗೊಳ್ಳಲಾ?’

‘ವಿಷ ಎಷ್ಟುಂಟು ನಿನ್ನ ಹತ್ರ?’

‘ಒಂದೂ ಇಲ್ಲ.’

‘ಮತ್ತೆ ಬಿಡು ಮಾರಾಯ.’

ಬಿಟ್ಟ. ಮುಂದಿನ ಮೂರು ಜಗಳದಲ್ಲಿ ಮೂರು ವಿಷದ ಕಾರ್ಡ್ ಬಂದವು. ಕೆಟಲಿಸ್ಟ್ ಕೊನೆಯ ತನಕ ಮತ್ತೆ ಮುಖ ತೋರಿಸಲಿಲ್ಲ. ಎರಡು ದಿನದಿಂದ ಹುಡುಗ ನನ್ನ ಹತ್ರ ಸರಿ ಮಾತಾಡುತ್ತಿಲ್ಲ.