ಹೊಳೆಯುವ ಶಟಲ್‌ಕಾಕ್: ದೀಪ ಎಲ್ಲಿರಬೇಕು, ಎಷ್ಟು ತೂಗಬೇಕು?

ಪ್ರಶ್ನೆ: ಕತ್ತಲಲ್ಲಿ ಆಡಲೆಂದು ಶಟಲ್‌ಕಾಕ್‌ನ ಗರಿಗಳ ಒಳಬದಿಗೆ ಒಂದು ಎಲ್‌ಇಡಿಯನ್ನೂ ಬಟನ್ ಸೆಲ್ಲನ್ನೂ ಅಂಟಿಸಿದೆ. ಬೆಳಕು ಚೆನ್ನಾಗಿಯೇ ಬರುತ್ತಿದೆ, ಆದರೆ ಶಟಲ್ ಓಲಾಡುತ್ತಾ ಹಾರಿ ಅಂಕಣದಾಚೆ ಬೀಳುತ್ತದೆ. ತಪ್ಪೆಲ್ಲಿದೆ?

ಉತ್ತರ: ಬೆಳಕಿನಲ್ಲಲ್ಲ, ತೂಕದಲ್ಲಿ. ಬ್ಯಾಡ್ಮಿಂಟನ್ ನಿಯಮದಂತೆ 16 ಗರಿಗಳ ಶಟಲ್ 4.74ರಿಂದ 5.50 ಗ್ರಾಂ ಒಳಗಿರಬೇಕು. ಎಲ್ಲೆಡೆ ಸಿಗುವ ಸಿಆರ್ 2032 ಸೆಲ್ ಒಂದೇ ಸುಮಾರು 3 ಗ್ರಾಂ ತೂಗುತ್ತದೆ. ಅದನ್ನು ಸೇರಿಸಿದರೆ ಶಟಲ್ ಒಂದೂವರೆ ಪಟ್ಟಿಗಿಂತ ಹೆಚ್ಚು ಭಾರವಾಗುತ್ತದೆ, ಗಾಳಿಯ ತಡೆ ಮಾತ್ರ ಹಾಗೆಯೇ ಉಳಿಯುತ್ತದೆ. ಅಂಕಣ ದಾಟುವುದು ಅದರಿಂದಲೇ. ಓಲಾಟಕ್ಕೆ ಕಾರಣ ಬೇರೆ. ಭಾರವೆಲ್ಲ ಕಾರ್ಕ್ ಕಡೆಗಿದ್ದು ಗಾಳಿ ಗರಿಗಳನ್ನು ಹಿಂದಕ್ಕೆ ತಳ್ಳುವುದರಿಂದಲೇ ಶಟಲ್ ಹೊಡೆತ ತಿಂದ ಕ್ಷಣದಲ್ಲಿ ತಿರುಗಿ ಕಾರ್ಕ್ ಮುಂದಾಗಿ ಸಾಗುತ್ತದೆ. ಭಾರವನ್ನು ಗರಿಗಳ ಕಡೆಗೆ, ಅದರಲ್ಲೂ ಒಂದು ಬದಿಗೆ ಇಟ್ಟರೆ ಆ ತಿರುವು ತಡವಾಗುವುದಲ್ಲದೆ, ತನ್ನ ಅಕ್ಷದ ಸುತ್ತ ಸುತ್ತುತ್ತಲೇ ಹಾರುವ ಶಟಲ್ ಪ್ರತಿ ಸುತ್ತಿಗೂ ಅದುರುತ್ತದೆ.

ಕಾರ್ಕನ್ನು ಕೊರೆದು ತೂಕ ಸರಿದೂಗಿಸಬಹುದೆಂದು ಹಲವರು ಎಣಿಸುತ್ತಾರೆ. ಲೆಕ್ಕ ಹಾಕಿ ನೋಡಿ: 5 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಆಳದ ರಂಧ್ರದಿಂದ ಹೊರಬರುವ ಕಾರ್ಕ್ 0.1 ಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ನಿಮಗಿರುವ ಅವಕಾಶ ಹೆಚ್ಚೆಂದರೆ ಮುಕ್ಕಾಲು ಗ್ರಾಂ, ಅದೂ ಅತಿ ಹಗುರವಾದ ಶಟಲನ್ನು ತೂಗಿ ಆರಿಸಿಕೊಂಡಾಗ. ಇಲ್ಲಿ ನೆರವಿಗೆ ಬರುವುದು ರಾತ್ರಿ ಮೀನು ಹಿಡಿಯುವವರು ಗಾಳದ ಬೆಂಡಿಗೆ ಸಿಕ್ಕಿಸುವ ಕಡ್ಡಿಯಾಕಾರದ ಲಿಥಿಯಂ ಸೆಲ್. ಸಿಆರ್ 425 ಎಂಬ ಈ ಸೆಲ್ ಸುಮಾರು 4 ಮಿಲಿಮೀಟರ್ ದಪ್ಪವಿದ್ದು ಅರ್ಧ ಗ್ರಾಂ ಆಸುಪಾಸು ತೂಗುತ್ತದೆ. ಶಟಲನ್ನು ಗರಿಗಳ ಕಡೆಯಿಂದ ಇಣುಕಿ ನೋಡಿದರೆ, ಗರಿಬುಡಗಳ ವರ್ತುಲದ ನಡುವೆ ಕಾರ್ಕ್‌ನ ಬರಿಯ ಮೈ ಕಾಣುತ್ತದೆ. ರಂಧ್ರವನ್ನು ಅದರ ನಟ್ಟನಡುವೆ ಕೊರೆದು, ಸೆಲ್ಲನ್ನು ಹೋದಷ್ಟು ಕೆಳಗೆ ಕೂರಿಸಿ, ದೀಪವನ್ನು ಗರಿಗಳತ್ತ ಮುಖ ಮಾಡಿಸಬೇಕು. ಹೊಡೆತ ಬೀಳುವ ತುದಿಯಲ್ಲಿ 1 ಸೆಂಟಿಮೀಟರ್‌ನಷ್ಟಾದರೂ ಕಾರ್ಕ್ ಉಳಿದಿರಲಿ. ಇಲ್ಲದಿದ್ದರೆ ನಾಲ್ಕಾರು ಸ್ಮ್ಯಾಷ್‌ಗಳಲ್ಲೇ ಸಂಪರ್ಕ ಕಡಿದುಹೋಗುತ್ತದೆ.

ಎಲ್‌ಇಡಿಯ ತುದಿಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಮಂಜಾಗಿಸಿದರೆ, ನೇರ ಕಿರಣವಾಗಿ ಹೊರಗೆ ಸೋರಿಹೋಗುತ್ತಿದ್ದ ಬೆಳಕು ಗರಿಗಳ ಮೇಲೆ ಹರಡುತ್ತದೆ. ಎದುರಾಳಿಯ ಕಣ್ಣಿಗೆ ಚುಚ್ಚುವ ಚುಕ್ಕಿಯ ಬದಲು ಕಾರ್ಕ್‌ನ ಸುತ್ತ ಹೊಳೆಯುವ ಬಳೆ ಕಾಣುತ್ತದೆ, ಶಟಲ್ ಎಷ್ಟು ದೂರದಲ್ಲಿದೆಯೆಂದು ಅಂದಾಜಿಸಲು ಆ ಬಳೆಯೇ ಆಧಾರ. ಬಣ್ಣ ಹಸಿರಾದರೆ ಒಳ್ಳೆಯದು, ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಹಸಿರಿಗೇ ಹೆಚ್ಚು ಸ್ಪಂದಿಸುತ್ತದೆ. ಮಿನುಗುವ ಎಲ್‌ಇಡಿ ಖಂಡಿತ ಬೇಡ: ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುವ ಶಟಲ್, ದೀಪ 0.1 ಸೆಕೆಂಡ್ ಆರಿದರೂ 3 ಮೀಟರ್ ದೂರವನ್ನು ಕಣ್ಮರೆಯಾಗಿ ದಾಟಿಬಿಡುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರ ಸುಟ್ಟಗಾಯ ಮಾಡಬಲ್ಲದು. ನೀವು ಬಿಚ್ಚಿ ತೆಗೆಯುವ ಸೆಲ್ ಮಕ್ಕಳ ಕೈಗೆ ಸಿಗದಿರಲಿ, ಹೊಸದಾಗಿ ಕೂರಿಸುವ ಸೆಲ್ ಅಂಟಿನಿಂದ ಭದ್ರವಾಗಿರಲಿ.

ಮುಗಿದ ಶಟಲನ್ನು ಬೆಳಕಿರುವಾಗಲೇ ಪರೀಕ್ಷಿಸಿ. ಹಿಂದಿನ ಗೆರೆಯ ಮೇಲೆ ನಿಂತು, ಪಕ್ಕದ ಗೆರೆಗೆ ಸಮಾನಾಂತರವಾಗಿ, ಕೆಳಗಿನಿಂದ ಮೇಲಕ್ಕೆ ಪೂರ್ಣ ಬಲದಿಂದ ಹೊಡೆಯಿರಿ. ಸರಿಯಾದ ವೇಗದ ಶಟಲ್ ಎದುರಿನ ಹಿಂಗೆರೆಗಿಂತ 530ರಿಂದ 990 ಮಿಲಿಮೀಟರ್ ಈಚೆಗೆ ಬೀಳಬೇಕೆಂಬುದು ನಿಯಮ. ಗೆರೆಯನ್ನೇ ದಾಟಿದರೆ ಮೊದಲು ಅಂಟಿನ ತೂಕವನ್ನು ನೋಡಿ; ಕೊನೆಯಲ್ಲಿ ಹಾಕಿದ ಎರಡು ಹನಿಯೇ ಲೆಕ್ಕ ತಪ್ಪಿಸಿರಬಹುದು.