ಕಸಕ್ಕೆ ಎಷ್ಟು ಕೊಡ್ತೀರಿ?

ಮನೆಯ ಕಸವನ್ನು ತಪ್ಪದೆ ಒಯ್ದು ಸರಿಯಾಗಿ ವಿಲೇವಾರಿ ಮಾಡಿದರೆ ತಿಂಗಳಿಗೆ ಎಷ್ಟು ಕೊಡಲು ತಯಾರಿದ್ದೀರಿ? ನಗರದ ಮನೆಮನೆಗೆ ಹೋಗಿ ಸಂಶೋಧಕರು ಕೇಳುವ ಪ್ರಶ್ನೆ ಇಷ್ಟೇ. ಉತ್ತರವನ್ನು ಅರ್ಥ ಮಾಡಿಕೊಳ್ಳುವುದೇ ಕಷ್ಟ.

ಚೊಕ್ಕ ಬೀದಿಯನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಪಕ್ಕದವರೆಲ್ಲ ಹಣ ಕಟ್ಟಿ ಬೀದಿ ಶುಚಿಯಾದರೆ, ಕಟ್ಟದ ನಾನೂ ಅದೇ ಬೀದಿಯಲ್ಲಿ ಮೂಗು ಮುಚ್ಚದೆ ನಡೆಯುತ್ತೇನೆ. ಹಾಗಿದ್ದಮೇಲೆ ನನಗೆ ಅದು ಎಷ್ಟು ಬೇಕು ಎಂದು ನಿಜ ಹೇಳುವ ದರ್ದು ನನಗೇನು? ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ 1954ರಲ್ಲೇ ಈ ತೊಡಕನ್ನು ಎತ್ತಿ ತೋರಿಸಿದ್ದರು.

ಬೆಲೆ ಇಲ್ಲದ್ದಕ್ಕೆ ಬೆಲೆ ಕಟ್ಟಲು ಜನರನ್ನೇ ಕೇಳುವ ವಿಧಾನ ದೊಡ್ಡ ಚರ್ಚೆಗೆ ಬಂದದ್ದು 1989ರಲ್ಲಿ ಅಲಾಸ್ಕಾದ ಬಳಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ತೈಲ ಸೋರಿ, ಹಾಳಾದ ಕಡಲಿಗೆ ಬೆಲೆ ಕಟ್ಟಬೇಕಾಗಿ ಬಂದ ಮೇಲೆ. ನೊಬೆಲ್ ಪುರಸ್ಕೃತರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ ಈ ವಿಧಾನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಸೂಚಿಸಿತು. ‘ಎಷ್ಟು ಕೊಡ್ತೀರಿ’ ಎಂದು ಸುಮ್ಮನೆ ಕೇಳಬೇಡಿ. ‘ಇಷ್ಟು ಖರ್ಚಾಗುತ್ತದೆ, ಒಪ್ಪುತ್ತೀರಾ ಇಲ್ಲವಾ’ ಎಂದು ಮತ ಕೇಳಿದಂತೆ ಕೇಳಿ, ಆ ಹಣಕ್ಕೆ ಬೇರೆ ಖರ್ಚುಗಳೂ ಕಾದಿವೆ ಎಂದು ನೆನಪಿಸಿ. ಬಾಯಿಮಾತಿನಲ್ಲಿ ಕೊಡುವ ಹಣಕ್ಕೆ ಜೇಬು ಹಗುರವಾಗುವುದಿಲ್ಲವಲ್ಲ.

ನನಗೆ ಹೆಚ್ಚು ಕುತೂಹಲ ಇರುವುದು ‘ಒಂದು ಪೈಸೆಯೂ ಕೊಡಲ್ಲ’ ಎನ್ನುವವರ ಬಗ್ಗೆ. ಅವರಲ್ಲಿ ಎರಡು ಬಗೆ. ಒಬ್ಬರ ಬಳಿ ನಿಜಕ್ಕೂ ದುಡ್ಡಿಲ್ಲ, ಅಥವಾ ಈ ಸೇವೆ ಬೇಕಿಲ್ಲ. ಇನ್ನೊಬ್ಬರಿಗೆ ಸೇವೆ ಬೇಕು, ದುಡ್ಡೂ ಇದೆ. ಆದರೆ ‘ತೆರಿಗೆ ಕಟ್ಟುತ್ತಿದ್ದೇವಲ್ಲ, ಮತ್ತೇಕೆ?’, ‘ಕೊಟ್ಟರೂ ಗಾಡಿ ಬರುವುದಿಲ್ಲ’, ‘ಬೇರೆ ಮಾಡಿಕೊಟ್ಟ ಹಸಿ ಕಸ, ಒಣ ಕಸವನ್ನು ಒಂದೇ ಲಾರಿಗೆ ಸುರಿಯುತ್ತಾರೆ’ ಎಂಬ ಸಿಟ್ಟು. ಇದಕ್ಕೆ ಪ್ರತಿಭಟನೆಯ ಸೊನ್ನೆ ಎನ್ನುತ್ತಾರೆ. ಎಷ್ಟೋ ಅಧ್ಯಯನಗಳು ಸರಾಸರಿ ತೆಗೆಯುವಾಗ ಈ ಸೊನ್ನೆಗಳನ್ನು ಕೈಬಿಡುತ್ತವೆ. ಲೆಕ್ಕಶಾಸ್ತ್ರಕ್ಕೆ ಅದು ಸರಿ ಇರಬಹುದು. ಆದರೆ ದರ ನಿಗದಿ ಮಾಡಲು ಕೂತ ಅಧಿಕಾರಿ ಮೊದಲು ಓದಬೇಕಾದದ್ದು ಆ ಕೈಬಿಟ್ಟ ಹಾಳೆಗಳನ್ನೇ. ಆದಾಯ, ಓದು ಹೆಚ್ಚಿದಂತೆ ಒಪ್ಪುವವರೂ ಹೆಚ್ಚುತ್ತಾರೆ ಎಂದು ಬಹಳಷ್ಟು ಸಮೀಕ್ಷೆಗಳು ಹೇಳುತ್ತವೆ, ಅದೇನೂ ಅಚ್ಚರಿಯಲ್ಲ. ಉತ್ತರ ಕೊಟ್ಟವರು ಮನೆಯಲ್ಲಿ ಕಸದ ಬುಟ್ಟಿ ಹಿಡಿಯುವವರೋ, ಹಣದ ಚೀಲ ಹಿಡಿದವರೋ ಎಂಬುದೂ ಮುಖ್ಯ.

ಖರ್ಚಂತೂ ಸಣ್ಣದಲ್ಲ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ ಬಡ ದೇಶಗಳ ನಗರಾಡಳಿತಗಳ ಬಜೆಟ್ಟಿನಲ್ಲಿ ಸರಾಸರಿ ಸುಮಾರು ಶೇ 20ರಷ್ಟು ಕಸಕ್ಕೇ ಹೋಗುತ್ತದೆ.

ಎಲ್ಲ ಮನೆಗೂ ಒಂದೇ ದರ ಎಂದರೆ ವಸೂಲಿ ಸುಲಭ, ಆದರೆ ಕಸ ಕಡಿಮೆ ಮಾಡಿದವರಿಗೆ ಏನೂ ಉಳಿಯುವುದಿಲ್ಲ. ದಕ್ಷಿಣ ಕೊರಿಯಾ 1995ರಿಂದ ದೇಶದಾದ್ಯಂತ ಚೀಲದ ಲೆಕ್ಕದಲ್ಲಿ ದುಡ್ಡು ಪಡೆಯುತ್ತಿದೆ. ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ 1992ರಲ್ಲಿ ಚೀಲಕ್ಕೆ 80 ಸೆಂಟ್ ದರ ಬಂದಾಗ ಅರ್ಥಶಾಸ್ತ್ರಜ್ಞರಾದ ಡಾನ್ ಫುಲ್ಲರ್ಟನ್ ಮತ್ತು ಥಾಮಸ್ ಕಿನ್ನಮನ್ ಅಲ್ಲಿನ ಕೆಲವು ಮನೆಗಳ ಕಸವನ್ನು ದರಕ್ಕೆ ಮುಂಚೆ, ಆಮೇಲೆ ತೂಗಿ ನೋಡಿದರು. ಚೀಲಗಳ ಗಾತ್ರದ ಲೆಕ್ಕದಲ್ಲಿ ಕಸ ಶೇ 37 ಇಳಿದಿತ್ತು. ತೂಕದಲ್ಲಿ ಶೇ 14 ಮಾತ್ರ. ಅಂದರೆ ಜನ ಕಸವನ್ನು ತುಳಿದು ಅದುಮಿ ಒಂದೇ ಚೀಲಕ್ಕೆ ತುಂಬಿದ್ದರು! ಇಳಿದ ಕಸದಲ್ಲಿ ಶೇ 28ರಷ್ಟು ಕದ್ದುಮುಚ್ಚಿ ಬೇರೆಡೆ ಎಸೆದದ್ದಾಗಿರಬಹುದು ಎಂಬುದು ಅವರ ಅಂದಾಜು.

ಆದ್ದರಿಂದ ಕೆಲವು ನಗರಗಳು ಎರಡನ್ನೂ ಬೆರೆಸಿವೆ: ಗಾಡಿ ಬರುವುದಕ್ಕೆ ಎಲ್ಲರಿಂದಲೂ ಒಂದು ನಿಗದಿತ ಮೊತ್ತ, ಅದರ ಮೇಲೆ ಚೀಲಕ್ಕಿಷ್ಟು ಎಂದು ಚಿಕ್ಕ ದರ. ಮೊದಲಿನದನ್ನು ಕಟ್ಟಿದವರಿಗೆ ಕಸವನ್ನು ಕದ್ದುಮುಚ್ಚಿ ಎಸೆದರೂ ಆ ಹಣ ವಾಪಸು ಸಿಗುವುದಿಲ್ಲ. ಎರಡನೆಯದು, ಹಾಗೆ ಕದ್ದುಮುಚ್ಚಿ ಎಸೆಯಬೇಕೆನಿಸುವಷ್ಟು ದುಬಾರಿಯಲ್ಲ.